ರೇವವ್ವ ಹೊಲಿದ ಬಸುರಿ ಸೋಗು

ತಾಂಬಾದ ರೇವವ್ವ ಹೋಳಿಯ ಸೋಗು ಹೊಲಿದದ್ದು ಒಂದೇ ಒಂದು ವರ್ಷ. ಅದಕ್ಕೆ ಮೊದಲು ಆಕೆಗೆ ಆ ಕೆಲಸ ಗೊತ್ತಿರಲಿಲ್ಲ, ಆಮೇಲೆ ಆಕೆ ಅದನ್ನು ಮುಟ್ಟಲಿಲ್ಲ. ಆದರೂ ನಮ್ಮೂರಲ್ಲಿ ಸೋಗಿನ ಮಾತು ಬಂದಾಗೆಲ್ಲ ಜನ ಆಕೆಯ ಹೆಸರು ತೆಗೆಯುತ್ತಾರೆ, ಅದೂ ನಗುತ್ತ. ನಗುವವರಲ್ಲಿ ಅರ್ಧ ಜನಕ್ಕೆ ಅಂದು ಏನಾಯಿತೆಂಬುದೇ ಗೊತ್ತಿಲ್ಲ. ಗೊತ್ತಿದ್ದವರು ನಗುವಾಗ ಮುಖ ಆ ಕಡೆ ತಿರುಗಿಸುತ್ತಾರೆ.

ರೇವವ್ವ ಹುಟ್ಟಿದ್ದು ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ. ನಮ್ಮೂರ ಸೋಮನಿಂಗನ ಹೆಂಡತಿಯಾಗಿ ಬಂದಾಗ ಇನ್ನೂ ಹುಡುಗಿ. ಸೋಮನಿಂಗ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಯ ಕೆಲಸಕ್ಕಿದ್ದ. ಯುಗಾದಿ, ಪಂಚಮಿ, ದೀಪಾವಳಿ ಎಂದು ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಬಂದು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ಹುಚ್ಚವ್ವ, ಒಂದು ಎಮ್ಮೆ, ಊರ ಹೊರಗೆ ಒಂದು ತುಂಡು ಹೊಲ. ಮದುವೆಯಾಗಿ ಬಹಳ ವರ್ಷ ಕಳೆದರೂ ರೇವವ್ವನಿಗೆ ಮಕ್ಕಳಾಗಲಿಲ್ಲ. ಹುಚ್ಚವ್ವ ಬಾಯಿಬಿಟ್ಟು ಬೈಯುವ ಹೆಂಗಸಲ್ಲ. ಆದರೆ ಯಾರದಾದರೂ ಮನೆಯಲ್ಲಿ ತೊಟ್ಟಿಲ ಕಾರ್ಯವಿದ್ದರೆ ಸೊಸೆಗೆ ಸುಳಿವು ಕೊಡದೆ ತಾನೊಬ್ಬಳೇ ಹೋಗಿ ಬರುತ್ತಿದ್ದಳು. ಅತ್ತೆಯ ಸೆರಗಿನ ಗಂಟಿನಲ್ಲಿ ನೆನೆಗಡಲೆ ಕಂಡರೆ ರೇವವ್ವನಿಗೆ ಎಲ್ಲ ತಿಳಿಯುತ್ತಿತ್ತು.

ಆಕೆಗೆ ಕೌದಿ ಹೊಲಿಯುವುದು ಚೆನ್ನಾಗಿ ಬರುತ್ತಿತ್ತು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಅಂಚಿನಿಂದ ನಡುವಿನವರೆಗೆ ಸಾಲು ಹಿಡಿದು ಹೊಲಿದರೆ, ಎಲ್ಲಿಯೂ ಗಂಟು ಕಾಣುತ್ತಿರಲಿಲ್ಲ. ಬೇಸಿಗೆಯಲ್ಲಿ ರದ್ದಿ ಕಾಗದ ನೆನೆಹಾಕಿ, ಮೆಂತ್ಯ ಬೆರೆಸಿ ಒಳ್ಳಿನಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಯ ಮೇಲೆ ಬಳಿದು ಒಣಗಿಸಿ, ಕಾಳು ಇಡುವ ಬುಟ್ಟಿಗಳನ್ನೂ ಮಾಡುತ್ತಿದ್ದಳು. ಇಷ್ಟೇ ಆಕೆಯ ಕೈಯ ವಿದ್ಯೆ.

ಸೋಮನಿಂಗನ ತಂಗಿ ಶೇವಂತೆವ್ವನನ್ನು ಸಿಂದಗಿ ಕಡೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಹೋದ. ಇಪ್ಪತ್ತು ತುಂಬುವುದರೊಳಗೆ ಅವಳು ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಹುಚ್ಚವ್ವ ಮಗಳ ಬರಿಗೈ ನೋಡಲಾರದೆ ಹಗಲೆಲ್ಲ ಹೊಲದಲ್ಲೇ ಕಳೆಯತೊಡಗಿದಳು. ಹುಡುಗಿಯನ್ನು ಉಣ್ಣಿಸಿದ್ದು, ತಲೆ ಬಾಚಿದ್ದು, ಮಗ್ಗುಲಲ್ಲಿ ಮಲಗಿಸಿಕೊಂಡದ್ದು ರೇವವ್ವ. ಅವಳು ಬಂದ ಮೇಲೆ ಆ ಮನೆಯಲ್ಲಿ ರೇವವ್ವನಿಗೆ ಮಾತಾಡಲು ಒಬ್ಬರಾದರು. ನಾದಿನಿ ವೈನಿ ಇಬ್ಬರೂ ಕೌದಿಯ ಎರಡು ಬದಿಗೆ ಕುಳಿತು ಹೊಲಿಯುತ್ತಿದ್ದುದನ್ನು ದಾರಿಯಲ್ಲಿ ಹೋಗುವ ನಾವೆಲ್ಲ ನೋಡಿದ್ದೇವೆ.

ಹೀಗಿರಲು ಎಪ್ಪತ್ತೈದನೆಯ ಇಸವಿಯ ಮಳೆಗಾಲದಲ್ಲಿ ಶೇವಂತೆವ್ವನ ಹೊಟ್ಟೆ ಉಬ್ಬತೊಡಗಿತು. ಮೊದಲು ವಾಯುವೆಂದರು. ಓಮಿನ ಕಷಾಯ ಕುಡಿಸಿದರು. ರೇವವ್ವ ಹೊತ್ತು ಮುಳುಗುತ್ತಲೇ ಅವಳನ್ನು ಮಲಗಿಸಿ, ಔಡಲ ಎಣ್ಣೆ ಬೆಚ್ಚಗೆ ಮಾಡಿ ಹೊಟ್ಟೆಗೆ ತಿಕ್ಕುತ್ತಿದ್ದಳು. ಹೊಟ್ಟೆ ಇಳಿಯಲಿಲ್ಲ, ಏರಿತು. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಮಾತು ನಿಲ್ಲಿಸಿ ನೋಡತೊಡಗಿದರು. ಗಂಡ ಸತ್ತು ಎರಡು ವರ್ಷವಾದವಳ ಹೊಟ್ಟೆ ಮುಂದಕ್ಕೆ ಬಂದರೆ ಊರು ಏನು ತಿಳಿಯಬೇಕೋ ಅದನ್ನೇ ತಿಳಿಯಿತು.

ಒಂದು ಸಂಜೆ ಎಣ್ಣೆ ತಿಕ್ಕುತ್ತ ತಿಕ್ಕುತ್ತ ರೇವವ್ವ ದನಿ ತಗ್ಗಿಸಿ, "ಖರೇ ಹೇಳವಾ, ಏನರ ಆಗೇತೇನು? ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ" ಎಂದು ಕೇಳಿದಳು.

 ಶೇವಂತೆವ್ವ ವೈನಿಯ ಕೈಯನ್ನು ಹೊಟ್ಟೆಯ ಮೇಲಿಂದ ಎತ್ತಿ ಬದಿಗಿಟ್ಟು, ಸೀರೆ ಸರಿಮಾಡಿಕೊಂಡು ಎದ್ದುಹೋದಳು.

ರೇವವ್ವ ಮರುದಿನವೇ ಸೂಲಗಿತ್ತಿ ಸೈದಾಬಿಯನ್ನು ಕರೆತಂದಳು. ಸೈದಾಬಿ ಹೊಟ್ಟೆಯನ್ನು ಎಲ್ಲ ಕಡೆಯಿಂದ ಒತ್ತಿ ನೋಡಿ, ಇದು ಕೂಸಲ್ಲ, ಗಡ್ಡೆ, ಎಡಗಡೆ ಕುಳಿತಿದೆ, ತಡಮಾಡದೆ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದಳು. ಸೋಮನಿಂಗ ಬಂದು ತಂಗಿಯನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಅಲ್ಲಿ ಆಪರೇಷನ್ ಆಯಿತು. ಡಾಕ್ಟರು ತಾಟಿನಲ್ಲಿಟ್ಟು ತೋರಿಸಿದ ಗಡ್ಡೆ ಸೋರೆಕಾಯಿಯಷ್ಟು ದೊಡ್ಡದಿತ್ತೆಂದು ಸೋಮನಿಂಗ ಬಂದು ಹೇಳಿದ. ಇನ್ನು ಅವಳಿಗೆ ಮಕ್ಕಳಾಗುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಅದನ್ನು ಅವನು ತಾಯಿಗೆ ಮಾತ್ರ ಹೇಳಿದ.

ಹೊಟ್ಟೆ ಹೊತ್ತು ಹೋದವಳು ಹೊಟ್ಟೆ ಇಳಿಸಿಕೊಂಡು ಬಂದಳು, ಊರಿಗೆ ಅಷ್ಟು ಸಾಕಾಯಿತು. ಸೈದಾಬಿ ಓಣಿ ಓಣಿಗೆ ನಿಂತು ಗಡ್ಡೆಯ ಮಾತು ಹೇಳಿದಳು. ಜನ ಆಕೆಯ ಎದುರಿಗೆ ಹೌದೌದು ಅಂದರು. ಆಕೆ ಓಣಿ ದಾಟಿದೊಡನೆ, ಸೂಲಗಿತ್ತಿ ಇನ್ನೇನು ಹೇಳಿಯಾಳು ಅಂದರು. ಶೇವಂತೆವ್ವ ಬಾವಿಗೆ ಹೋಗುವುದನ್ನು ಬಿಟ್ಟಳು, ಮನೆಯ ಹೊಸ್ತಿಲು ದಾಟುವುದನ್ನೂ ಬಿಟ್ಟಳು. ವೈನಿಯ ಜೊತೆ ಮಾತು ಮೊದಲಿನಂತೆಯೇ ಇತ್ತು, ಆದರೆ ಮಗ್ಗುಲಲ್ಲಿ ಮಲಗಲಿಲ್ಲ. ಅಡುಗೆಮನೆಯ ಗೋಡೆಗೆ ತನ್ನ ಚಾಪೆ ಸರಿಸಿಕೊಂಡಳು. ಗಾಯ ಮಾಯಲಿ ಎಂದು ಹಾಗೆ ಮಾಡಿದ್ದಾಳೆಂದು ರೇವವ್ವ ತನಗೆ ತಾನೇ ಹೇಳಿಕೊಂಡಳು.

ಸಂಕ್ರಾಂತಿ ಮುಗಿದ ಮೇಲೆ ಹಿಟ್ಟಿನ ಗಿರಣಿಯ ಮಡಿವಾಳಪ್ಪ ಒಂದು ದಿನ ಅವರ ಮನೆಗೆ ಬಂದ. ಹೋಳಿ ಹುಣ್ಣಿಮೆಯ ಸೋಗಿಗೆ ಅವನೇ ಮುಂದಾಳು. ಕಾಮನನ್ನು ಸುಟ್ಟ ಮರುದಿನ, ಓಕಳಿಯ ಮಧ್ಯಾಹ್ನ, ಗಂಡಸರು ನಾನಾ ವೇಷ ಹಾಕಿ ಬಂಡಿಯ ಮೇಲೆ ಊರು ಸುತ್ತುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಹುಲಿ, ಕರಡಿ, ಸಾಹೇಬ, ಮದುಮಗಳು, ಏನು ಬೇಕಾದರೂ ಆಗಬಹುದು. ಆ ವೇಷಗಳನ್ನೆಲ್ಲ ಹೊಲಿದುಕೊಡುತ್ತಿದ್ದವನು ದರ್ಜಿ ಗೈಬುಸಾಬ. ಅವನ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲೂ ಆಗದಂತಾಗಿತ್ತು. ಪೇಟೆಯಿಂದ ವೇಷ ಬಾಡಿಗೆ ತರುವುದು ಮಡಿವಾಳಪ್ಪನಿಗೆ ಇಷ್ಟವಿರಲಿಲ್ಲ. ಊರ ಸೋಗು ಊರಲ್ಲೇ ಆಗಬೇಕು, ನೀನು ಹೊಲಿದುಕೊಡು ಎಂದು ರೇವವ್ವನನ್ನು ಕೇಳಿದ.

ತನಗೆ ಕೌದಿ ಬಿಟ್ಟು ಏನೂ ಬಾರದೆಂದು ರೇವವ್ವ ಹೇಳಿದಳು. ಕೌದಿಯನ್ನೇ ಮನುಷ್ಯನ ಆಕಾರಕ್ಕೆ ಹೊಲಿ, ಅದೇ ಸೋಗು ಎಂದು ಅವನು ನಕ್ಕ. ಹುಚ್ಚವ್ವ ಬೇಡವೆನ್ನಲಿಲ್ಲ. ಮಗಳ ಸುದ್ದಿಯಾದ ಮೇಲೆ ಊರಿನ ನಾಲ್ಕು ಜನರೊಳಗೆ ಒಬ್ಬ ದೊಡ್ಡ ಮನುಷ್ಯ ತಾನಾಗಿ ಮನೆಗೆ ಬಂದದ್ದು ಅದೇ ಮೊದಲು.

ಕಲಿಯುವವಳ ಫಜೀತಿಯೆಲ್ಲ ರೇವವ್ವನಿಗೂ ಆಯಿತು. ಹುಲಿಯ ಮುಖಕ್ಕೆಂದು ಕಾಗದದ ರಾಡಿಯನ್ನು ಗಡಿಗೆಯ ಮೇಲೆ ಬಳಿದಳು. ಕೆಳಗೆ ಅರಿವೆ ಹಾಸುವುದನ್ನು ಮರೆತಿದ್ದರಿಂದ ಅದು ಗಡಿಗೆಗೇ ಕಚ್ಚಿಕೊಂಡಿತು. ಬಿಡಿಸಲು ಹೋದರೆ ಗಡಿಗೆಯೇ ಒಡೆಯಿತು. ಎರಡನೆಯದು ಬಿಸಿಲಿಗೆ ಕುಗ್ಗಿ ಬೆಕ್ಕಿನ ಮುಖವಾಯಿತು. ಹಳೆಯ ಕಂಬಳಿ ಹರಿದು ಕರಡಿಯ ಮೈ ಹೊಲಿದಳು. ಹಾಕಿಕೊಂಡವನಿಗೆ ಕೈ ಮೇಲೆತ್ತಲು ಆಗಲಿಲ್ಲ, ಕಂಕುಳಲ್ಲಿ ಬಟ್ಟೆ ಬಿಡಬೇಕೆಂಬುದು ಆಕೆಗೆ ಗೊತ್ತಿರಲಿಲ್ಲ. ಬಿಚ್ಚಿ ಮತ್ತೆ ಹೊಲಿದಳು. ಅರಿಷಿಣದಲ್ಲಿ ಅದ್ದಿದ ಹುಲಿಚರ್ಮ ತೊಟ್ಟವನ ಕುತ್ತಿಗೆ, ಬೆನ್ನು ಎಲ್ಲ ಹಳದಿಯಾಗಿ, ಅವನ ಹೆಂಡತಿ ಬಂದು ಜಗಳ ಮಾಡಿ ಹೋದಳು. ಗೈಬುಸಾಬ ಮಧ್ಯಾಹ್ನ ಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತು, ಹೊಲಿದದ್ದನ್ನು ಕೈಯಿಂದ ತಡವಿ ನೋಡಿ, ಇಲ್ಲಿ ಬಿಗಿ, ಅಲ್ಲಿ ಸಡಿಲು ಎಂದು ಹೇಳುತ್ತಿದ್ದ. ಆಕೆ ಬಿಚ್ಚುತ್ತಿದ್ದಳು, ಹೊಲಿಯುತ್ತಿದ್ದಳು.

ಮೂರನೆಯ ಹುಲಿಮುಖ ಬಿರುಕು ಬಿಡದೆ ಒಣಗಿ ಬಂದ ದಿನ ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೋಗಿ ಬರುವವರು ನಿಂತು ನೋಡಿದರು. ನೀರಿಗೆ ಹೊರಟ ಹೆಂಗಸರು, ಸೋಮನಿಂಗನ ಹೆಂಡತಿ ಇದನ್ನೂ ಕಲಿತಳೇನು ಅಂದರು. ತಾಂಬಾಕ್ಕೆ ಬಂದ ಮೇಲೆ ಆಕೆ ಮಾಡಿದ ಯಾವುದಕ್ಕೂ ಜನ ಹಾಗೆ ನಿಂತಿರಲಿಲ್ಲ. ಅಲ್ಲಿಂದ ಆಕೆಗೆ ಆ ಕೆಲಸದ ಹುಚ್ಚು ಹಿಡಿಯಿತು. ರೊಟ್ಟಿ ಬಡಿಯುವಾಗಲೂ ಬಾಲಕ್ಕೆ ಯಾವ ಹಗ್ಗ, ಕಿವಿಗೆ ಯಾವ ಬಟ್ಟೆ ಎಂದೇ ಯೋಚನೆ. ಶೇವಂತೆವ್ವ ದಾರ ಪೋಣಿಸಿಕೊಡುತ್ತಿದ್ದಳು, ಚಿಂದಿ ಹರಿದುಕೊಡುತ್ತಿದ್ದಳು. ಹುಲಿಯ ಮೀಸೆಗೆ ಕಸಬರಿಗೆಯ ಕಡ್ಡಿ ಚುಚ್ಚಿದಾಗ ನಕ್ಕಳು ಕೂಡ.

ಶಿವರಾತ್ರಿಯ ಸುಮಾರಿಗೆ ಮಡಿವಾಳಪ್ಪ ಇನ್ನೊಂದು ಸೋಗು ಹೇಳಿದ. ಆ ವರ್ಷ ಎಲ್ಲೆಲ್ಲೂ ಕುಟುಂಬ ಯೋಜನೆಯ ಗದ್ದಲ. ಕಚೇರಿಯವರು ಜೀಪು ತಗೊಂಡು ಹಳ್ಳಿಗೆ ಬಂದರೆ ಗಂಡಸರು ಜೋಳದ ಹೊಲದಲ್ಲಿ ಅಡಗುತ್ತಿದ್ದರು. ಅದನ್ನೇ ಸೋಗು ಮಾಡೋಣ ಎಂದ ಮಡಿವಾಳಪ್ಪ: ದೊಡ್ಡ ಕತ್ತರಿ ಹಿಡಿದ ಡಾಕ್ಟರ, ಓಡುವ ಗಂಡ, ಅವನ ಹಿಂದೆ ತುಂಬಿದ ಬಸುರಿ ಹೆಂಡತಿ. ಹೆಂಡತಿಯ ವೇಷ ಧೂಳಪ್ಪನದು. ಅವನು ಎತ್ತಿನ ವ್ಯಾಪಾರದವನು, ಹೆಣ್ಣುವೇಷ ಹಾಕಿದರೆ ಹೆಂಗಸರಿಗೂ ಗುರುತು ಸಿಗದಂಥ ನಡಿಗೆ.

ಬಸುರಿ ಹೊಟ್ಟೆ ಹೊಲಿಯಬೇಕೆಂದಾಗ ರೇವವ್ವನ ಮನಸ್ಸಿಗೆ ನಾದಿನಿಯ ನೆನಪು ಬರಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಬರಲಿಲ್ಲ ಎಂದೇ ಆಕೆ ಹೇಳಿದ್ದು. ಅದು ಸುಳ್ಳಲ್ಲ. ಆಕೆಗೆ ಕಂಡದ್ದು ಸರಕಾರದ ಡಾಕ್ಟರ, ಓಡುವ ಗಂಡ; ಅದರಲ್ಲಿ ತಮ್ಮ ಮನೆ ಎಲ್ಲಿಂದ ಬರಬೇಕು? ಶೇವಂತೆವ್ವನೂ ಏನೂ ಅನ್ನಲಿಲ್ಲ. ಆದರೆ ಆ ಹೊಟ್ಟೆಗೆ ಅವಳು ದಾರ ಪೋಣಿಸಿಕೊಡಲಿಲ್ಲ, ಅದನ್ನು ಹೊಲಿಯುವ ದಿನಗಳಲ್ಲಿ ಎಮ್ಮೆಯ ಕೆಲಸ ಹಿಡಿದು ಹಿತ್ತಲಲ್ಲಿ ಇರುತ್ತಿದ್ದಳು. ರೇವವ್ವ ಅದನ್ನು ಗಮನಿಸಲಿಲ್ಲ.

ಹಳೆಯ ಇಳಕಲ್ ಸೀರೆಯ ತುಂಡಿನಿಂದ ಚೀಲ ಮಾಡಿ, ಒಳಗೆ ಹತ್ತಿ, ಚಿಂದಿ ತುಂಬಿ, ಕುತ್ತಿಗೆಗೂ ಸೊಂಟಕ್ಕೂ ಕಟ್ಟಲು ಲಾಡಿ ಇಟ್ಟಳು. ಮೊದಲ ಸಲ ಕಟ್ಟಿ ನೋಡಿದಾಗ ಧೂಳಪ್ಪ ಹೊಟ್ಟೆಯ ಮೇಲೆ ದಿಂಬು ಕಟ್ಟಿಕೊಂಡವನಂತೆ ಕಂಡ. ರೇವವ್ವನಿಗೆ ಸಮಾಧಾನವಾಗಲಿಲ್ಲ. ಬಿಚ್ಚಿ ಕೆಳಗೆ ಭಾರ ಹಾಕಿದಳು, ಮೇಲೆ ಹಗುರ ಮಾಡಿದಳು. ಕಣ್ಣು ಮುಚ್ಚಿ, ಅಂಗೈಯಿಂದ ತಿಕ್ಕಿ ತಿಕ್ಕಿ ನೋಡಿದಳು, ಕೈಗೆ ಸರಿ ಅನ್ನಿಸುವವರೆಗೆ ಹತ್ತಿ ತುರುಕಿದಳು. ಮುಗಿದಾಗ ಗೈಬುಸಾಬ ತಡವಿ ನೋಡಿ, "ಎಡಕ್ಕ ಭಾರ ಆಗೇತಿ ಬೇಟಿ, ಸಮಾ ಮಾಡು" ಎಂದ.

"ಇರಲಿ ಕಾಕಾ. ಹಿಂಗಿದ್ರನ ಖರೇ ಕಾಣತೈತಿ," ಎಂದಳು ರೇವವ್ವ.

ಮುದುಕನ ಮಾತನ್ನು ಆಕೆ ತೆಗೆದುಹಾಕಿದ್ದು ಅದೊಂದೇ ಸಲ.

ಓಕಳಿಯ ದಿನ ಊಟವಾದ ಮೇಲೆ ಹಲಗಿ ಬಡಿತ ಕೇಳಿತು. ಹೆಂಗಸರೆಲ್ಲ ಮಾಳಿಗೆ ಹತ್ತಿದರು. ರೇವವ್ವ ನಾದಿನಿಯನ್ನೂ ಕರೆದಳು. ಅವಳು ಒಲ್ಲೆ ಅಂದಳು. ನಾನು ಎರಡು ತಿಂಗಳು ಕೈ ಚುಚ್ಚಿಕೊಂಡು ಮಾಡಿದ್ದನ್ನು ನೀನೇ ನೋಡದಿದ್ದರೆ ಇನ್ಯಾರು ನೋಡಬೇಕು ಎಂದು ಈಕೆ ಕೈಹಿಡಿದು ಎಳೆದಳು. ಆಪರೇಷನ್ ಆದ ಮೇಲೆ ಶೇವಂತೆವ್ವ ನಾಲ್ಕು ಜನರಿಗೆ ಕಾಣುವಂತೆ ನಿಂತದ್ದು ಅಂದೇ. ನಿಚ್ಚಣಿಕೆ ಹತ್ತುವಾಗ ಎಡಗೈ ಸೊಂಟಕ್ಕೆ ಕೊಟ್ಟು ಹತ್ತಿದಳು, ಹೊಲಿಗೆ ಇನ್ನೂ ಜಗ್ಗುತ್ತಿತ್ತು.

ಹುಲಿ ಬಂತು. ಮಕ್ಕಳು ಕಿರುಚಿ ಓಡಿದವು. ಕರಡಿ ಕೈಯೆತ್ತಿ ಕುಣಿಯಿತು, ಕಂಕುಳು ಹರಿಯಲಿಲ್ಲ. ಪಕ್ಕದ ಮಾಳಿಗೆಯವರು ರೇವವ್ವನ ಕಡೆ ನೋಡಿ ಭೇಷ್ ಅಂದರು. ಆಕೆಯ ಮುಖ ಅರಳಿತ್ತು. ಆಮೇಲೆ ಕೊನೆಯ ಬಂಡಿ. ತಗಡಿನ ಕತ್ತರಿ ಹಿಡಿದ ಡಾಕ್ಟರ ಮುಂದೆ, ಗಂಡ ಬಂಡಿಯ ಕೆಳಗೆ ನುಸುಳುತ್ತಿದ್ದ. ಧೂಳಪ್ಪ ಸೆರಗು ಹೊದ್ದು, ಹೊಟ್ಟೆ ಹೊತ್ತು, ಏದುಸಿರು ಬಿಡುತ್ತ ನಡೆದುಬಂದ. ಜನ ಬಿದ್ದುಬಿದ್ದು ನಗುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಗುಂಪಿನಲ್ಲಿ ಯಾರೋ ಒಬ್ಬ, ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ, ದನಿಯೆತ್ತಿ ಕೂಗಿದ: "ಎಡಕ್ಕ ವಾಲೇತಿ ನೋಡ್ರಪಾ! ಈ ಹೊಟ್ಟಿ ನಾವು ನೋಡಿದ್ದ ಐತಿ!"

ಒಂದು ಕ್ಷಣ ಹಲಗಿ ತಪ್ಪಿತು. ನಂತರ ತಲೆಗಳು ಒಂದೊಂದಾಗಿ ಸೋಮನಿಂಗನ ಮಾಳಿಗೆಯ ಕಡೆ ತಿರುಗಿದವು. ಧೂಳಪ್ಪನೂ ಮೇಲೆ ನೋಡಿದ. ಅವನು ಕೆಟ್ಟ ಮನುಷ್ಯನೇನಲ್ಲ. ಆದರೆ ಅಷ್ಟು ಜನ ತನ್ನನ್ನೇ ನೋಡುತ್ತಿರುವಾಗ ಸುಮ್ಮನೆ ದಾಟಿಹೋಗುವುದು ಅವನಿಂದಾಗಲಿಲ್ಲ. ಎಡಗೈ ಸೊಂಟಕ್ಕೆ ಕೊಟ್ಟ. ತಲೆ ತಗ್ಗಿಸಿ, ಗೋಡೆಗುಂಟ ಹೆಜ್ಜೆಯಿಟ್ಟ. ಶೇವಂತೆವ್ವ ಹೊಟ್ಟೆ ಹೊತ್ತು ಬಾವಿಗೆ ಹೋಗುತ್ತಿದ್ದ ನಡಿಗೆ ಅದು, ಊರಿಗೆಲ್ಲ ಗೊತ್ತಿದ್ದದ್ದು. ಡಾಕ್ಟರನ ವೇಷದವನಿಗೂ ದಾರಿ ಸಿಕ್ಕಿತು. ಸೊಲ್ಲಾಪುರಕ್ಕೆ ನಡಿ, ಯಾರಿಗೂ ಗೊತ್ತಾಗದಂತೆ ತೆಗೆದುಕೊಡುತ್ತೇನೆ ಎಂದು ಕತ್ತರಿ ಆಡಿಸಿದ. ಓಣಿ ನಗೆಯಿಂದ ತುಂಬಿಹೋಯಿತು.

ಶೇವಂತೆವ್ವ ಅಳಲಿಲ್ಲ. ಕೆಳಗಿನದನ್ನು ಪೂರ್ತಿ ನೋಡಿದಳು. ಆಮೇಲೆ ತಿರುಗಿ ವೈನಿಯ ಕೈಗಳನ್ನು ನೋಡಿದಳು, ಮುಖವನ್ನಲ್ಲ. ನಿಚ್ಚಣಿಕೆ ಇಳಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ರೇವವ್ವ ಹೇಗೆ ಇಳಿದಳೋ ಆಕೆಗೇ ಗೊತ್ತಿಲ್ಲ. ಸೆರಗು ಜಾರಿದ್ದೂ ತಿಳಿಯದೆ ಗುಂಪಿನಲ್ಲಿ ನುಗ್ಗಿ, ಧೂಳಪ್ಪನ ಎದುರು ನಿಂತು, ಆ ಹೊಟ್ಟೆಗೆ ಎರಡೂ ಕೈ ಹಾಕಿ ಹರಿದಳು. ತಾನೇ ಗಟ್ಟಿಯಾಗಿ ಹೊಲಿದ ಹೊಲಿಗೆ, ಬೇಗ ಬಿಡಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಹತ್ತಿ, ಚಿಂದಿ, ಎಲ್ಲ ಹೊರಗೆ ಬಂದು ಬೀದಿಯ ತುಂಬ ಹಾರಾಡಿತು. "ನಿಮ್ಮ ಮನ್ಯಾಗ ಹೆಣ್ಣು ಹುಟ್ಟಿಲ್ಲೇನು?" ಎಂದು ಆಕೆ ಕೂಗುತ್ತಿದ್ದಳು. ಹಲಗಿಯ ಸದ್ದಿನಲ್ಲಿ ಅದು ಮುಂದಿನ ಸಾಲಿನವರಿಗಷ್ಟೇ ಕೇಳಿರಬೇಕು.

ಉಳಿದವರಿಗೆ ಇದೂ ಸೋಗಿನ ಭಾಗವೇ ಅನ್ನಿಸಿತು. ಆಪರೇಷನ್ ಆಯಿತು ಎಂದು ಡಾಕ್ಟರನ ವೇಷದವನು ಕೂಗಿದ. ಸಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ಒಂದು ಕೊಡ ಬಣ್ಣದ ನೀರನ್ನು ಆಕೆಯ ತಲೆಯ ಮೇಲೆ ಸುರಿದರು. ಹತ್ತಿಯೆಲ್ಲ ಮೈಗೆ ಅಂಟಿಕೊಂಡು ನಿಂತ ಆಕೆಯನ್ನು ನೋಡಿ ಇನ್ನಷ್ಟು ನಕ್ಕರು. ಹಲಗಿಯವರು ಆಕೆಯ ಸುತ್ತ ಒಂದು ಸುತ್ತು ಬಂದು ಬಡಿದರು. ಮಡಿವಾಳಪ್ಪ ಒಬ್ಬನೇ ಮುಖ ನೋಡಿ ತಿಳಿದುಕೊಂಡು, ಬಂಡಿ ಮುಂದೆ ಹೊಡೆಯಿರಿ ಎಂದು ಗದರಿದ. ಬಂಡಿ ಮುಂದೆ ಹೋಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶೇವಂತೆವ್ವ ಬಾಗಿಲು ತೆರೆದಳು. ರೇವವ್ವ ಇನ್ನೂ ಬಣ್ಣದ ಸೀರೆಯಲ್ಲೇ ಹಿತ್ತಲ ಕಲ್ಲಿನ ಮೇಲೆ ಕುಳಿತಿದ್ದಳು. ನಾದಿನಿ ಬಂದು ಎದುರು ನಿಂತಳು.

"ನಾ ಮಾಡಿಲ್ಲವಾ," ಎಂದಳು ರೇವವ್ವ. "ಅವರು ಬಸುರಿ ಸೋಗು ಅಂದ್ರು, ನಾ ಹೊಲದೆ. ನಿನ್ನ ಮ್ಯಾಲಾಣಿ, ನನ್ನ ಮನಸನ್ಯಾಗ ಏನೂ ಇದ್ದಿಲ್ಲ."

"ಮನಸನ್ಯಾಗ ಇಲ್ಲದ್ದು ಕೈಯಾಗ ಹ್ಯಾಂಗ ಬಂತು ವೈನಿ? ನೀ ಎಣ್ಣಿ ತಿಕ್ಕಿದ ಹೊಟ್ಟಿ ಅದು. ಅದನ್ನ ನೀನೂ ಬಸರ ಅಂತನ ತಿಳದಿದ್ದಿ, ಅದಕ್ಕ ಬಸುರಿ ಹೊಟ್ಟಿ ಹೊಲಿ ಅಂದಾಗ ಅದ ಬಂತು."

  ರೇವವ್ವ ಹಡೆದವಳಲ್ಲ, ಬಸುರಾದವಳಲ್ಲ, ಬೇರೆ ಬಸುರಿಯರ ಮನೆಗೆ ಆಕೆಯನ್ನು ಕರೆಯುತ್ತಿರಲಿಲ್ಲ. ಅಂಗೈಗೆ ಗೊತ್ತಿದ್ದ ಹೊಟ್ಟೆ ಲೋಕದಲ್ಲಿ ಅದೊಂದೇ. ಇದನ್ನು ಹೇಳಿದ್ದರೆ ಏನಾಗುತ್ತಿತ್ತೋ. ಹೇಳುವಷ್ಟು ಅದು ಆಕೆಗೆ ಆಗ ತಿಳಿದಿರಲೂ ಇಲ್ಲ. ತಿಳಿಯುವಷ್ಟರಲ್ಲಿ ಕೇಳುವವಳು ಇರಲಿಲ್ಲ.

ಮರುದಿನ ಮಡಿವಾಳಪ್ಪ ಒಂದು ಖಣ, ಎರಡು ತೆಂಗಿನಕಾಯಿ ಹಿಡಿದು ಬಂದ. ಅವನಿಗೂ ಕೆಡುಕೆನಿಸಿತ್ತು. ಜನರ ಬಾಯಿ ಹಿಡಿಯಲಾಗುವುದಿಲ್ಲ, ಧೂಳಪ್ಪನಿಗೆ ಚೆನ್ನಾಗಿ ಬೈದಿದ್ದೇನೆ ಎಂದ. ರೇವವ್ವ ಖಣವನ್ನು ಮುಟ್ಟದೆ ಕುಳಿತಿದ್ದಳು. ಹುಚ್ಚವ್ವ ಮಾತ್ರ, ನನ್ನ ಮಗಳನ್ನು ನಡುಬೀದಿಯಲ್ಲಿ ನಿಲ್ಲಿಸಿದಿರಿ ಎಂದು ಎದೆ ಬಡಿದುಕೊಂಡಳು. ಆಗ ಅವನು ತಲೆ ಕೆರೆದುಕೊಂಡು ಹೇಳಿದ್ದು ಇಷ್ಟೇ: "ನಾವು ಬಸುರಿ ಸೋಗು ಅಂತ ಹೇಳಿದ್ದು ಖರೇ ಯವ್ವಾ. ಎಡಕ್ಕ ವಾಲಸು ಅಂತ ನಾವು ಹೇಳಿದ್ದಿಲ್ಲ."

ಹುಚ್ಚವ್ವ ತಿರುಗಿ ಸೊಸೆಯನ್ನು ನೋಡಿದಳು. ಅಲ್ಲಿಯವರೆಗೆ ಆಕೆಗೆ ಅದು ಹೊಳೆದಿರಲಿಲ್ಲ. ಮಡಿವಾಳಪ್ಪ ಹೋದ ಮೇಲೆ ಆಕೆ ಒಲೆಯ ಹತ್ತಿರದಿಂದ ರೇವವ್ವನನ್ನು ಎಬ್ಬಿಸಿ ತಾನೇ ರೊಟ್ಟಿ ಬಡಿಯಲು ಕುಳಿತಳು. ಮಗಳಿಗೆ ತಾನೇ ಬಡಿಸಿದಳು.

ಸುದ್ದಿ ಸೊಲ್ಲಾಪುರಕ್ಕೆ ಸೋಮನಿಂಗನಿಗಿಂತ ಮೊದಲು ಅವನ ಗಿರಣಿಯ ಗೆಳೆಯರಿಗೆ ಮುಟ್ಟಿತು. ಅಲ್ಲಿ ನಮ್ಮ ಕಡೆಯವರು ಬಹಳ ಜನ ಇದ್ದರು. ಅವನು ಯುಗಾದಿಗೆ ಬಂದಾಗ ರೇವವ್ವ ಹೊಡೆತಕ್ಕೆ ತಯಾರಾಗಿದ್ದಳು. ಅವನು ಹೊಡೆಯಲಿಲ್ಲ, ಕೇಳಲಿಲ್ಲ. ಬೇವು ಬೆಲ್ಲವನ್ನು ತಾಯಿಯ ಕೈಯಿಂದ ಇಸಿದುಕೊಂಡು ತಿಂದ. ಹೊರಡುವ ದಿನ, ಸೋಗಿನ ಮನೆಯಿಂದ ಹೆಣ್ಣು ತರುವುದಿಲ್ಲವೆಂದು, ತಂಗಿಗೆ ನೋಡಿದ್ದ ಒಂದು ಸಂಬಂಧ ಆಗಲೇ ತಪ್ಪಿದೆ ಎಂದಷ್ಟೇ ಹೇಳಿದ.

ಆ ವರ್ಷದ ದೀಪಾವಳಿಗೆ ಮೊದಲು ಶೇವಂತೆವ್ವನನ್ನು ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಒಬ್ಬನಿಗೆ ಉಡಕಿ, ಅಂದರೆ ವಿಧವೆಯ ಮರುಮದುವೆ, ಮಾಡಿಕೊಟ್ಟರು. ಅವನು ಸಂತೆಯಲ್ಲಿ ಬೆಲ್ಲ, ಶೇಂಗಾ ಮಾರುವವನು. ಹೆಂಡತಿ ಸತ್ತು ಎರಡು ಮಕ್ಕಳಿದ್ದವು. ವಯಸ್ಸು ಸೋಮನಿಂಗನಿಗಿಂತ ಹೆಚ್ಚು. ಇಂಡಿ, ಸಿಂದಗಿ ಕಡೆಯ ಯಾವ ಊರೂ ಬೇಡ, ತಾಂಬಾದ ಹೆಸರು ಕೇಳದವರು ಬೇಕು ಎಂದು ಹುಡುಕಿ ಅಷ್ಟು ದೂರ ಕೊಟ್ಟಿದ್ದರು. ಉಡಕಿಯ ಕಾರ್ಯಕ್ಕೆ ಹೆಚ್ಚು ಜನ ಹೋಗುವಂತಿರಲಿಲ್ಲ. ಎಮ್ಮೆ ಈಯುವುದಿದೆ, ನೀ ಮನೆಯಲ್ಲಿರು ಎಂದು ರೇವವ್ವನಿಗೆ ಹೇಳಿದರು. ಹೊರಡುವಾಗ ಶೇವಂತೆವ್ವ ತಾಯಿಯ ಕಾಲಿಗೆ ಬಿದ್ದಳು, ದೇವರಿಗೆ ಕೈಮುಗಿದಳು, ಎಮ್ಮೆಯ ಹಣೆ ಸವರಿದಳು. ರೇವವ್ವ ಉಡಿಗೆ ಹಾಕಲು ಅಕ್ಕಿ ಹಿಡಿದು ನಿಂತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ನಡೆದರು.

ಮುಂದಿನ ವರ್ಷ ಮಡಿವಾಳಪ್ಪನ ಕಡೆಯವರು ಮತ್ತೆ ಬಂದರು. ಹೋದ ವರ್ಷದಂಥ ಸೋಗು ಸುತ್ತ ಹತ್ತೂರಲ್ಲಿ ಆಗಿರಲಿಲ್ಲವಂತೆ. ತಡವಲಗಾದಿಂದಲೂ ಜನ ನೋಡಲು ಬರುವವರಿದ್ದಾರೆ, ಕೊನೆಗೆ ನೀನು ಬಂದು ಹೊಟ್ಟೆ ಹರಿಯುವುದನ್ನೂ ಇಡೋಣ ಎಂದು ಒಬ್ಬ ನಿಜವಾಗಿಯೂ ಕೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಅಂದು ಅವನು ಹಿಂದಿನ ಸಾಲಿನಲ್ಲಿದ್ದ. ರೇವವ್ವ ಬಾಗಿಲು ಹಾಕಿಕೊಂಡಳು. ಆ ವರ್ಷದಿಂದ ಸೋಗಿನ ದಿನ ಆಕೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಕತ್ತಲಾಗುವ ಮುಂಚೆ ಬರುತ್ತಿದ್ದಳು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹುಚ್ಚವ್ವ ಹಾಸಿಗೆ ಹಿಡಿದಳು. ಮಗಳನ್ನು ನೋಡಬೇಕೆಂದು ಹಲುಬತೊಡಗಿದಳು. ಹೇಳಿಕಳಿಸಿದರೂ ಶೇವಂತೆವ್ವ ಬರಲಿಲ್ಲ. ಕೊನೆಗೆ ರೇವವ್ವ, ತಾನೇ ಹೋಗಿ ಕರೆತರುತ್ತೇನೆಂದು, ಪಕ್ಕದ ಮನೆಯವರಿಗೆ ಅತ್ತೆಯನ್ನು ನೋಡಿಕೊಳ್ಳಲು ಹೇಳಿ ಬಸ್ಸು ಹತ್ತಿದಳು. ವಿಜಾಪುರದಲ್ಲಿ ಬಸ್ಸು ಬದಲಿಸಿ, ಬಾಗೇವಾಡಿ ದಾಟಿ, ಮುದ್ದೇಬಿಹಾಳದಲ್ಲಿ ಇಳಿದು ಇನ್ನೊಂದು ಹಿಡಿದು, ಬಿಸಿಲು ಇಳಿಯುವ ಹೊತ್ತಿಗೆ ನಾಲತವಾಡ ಮುಟ್ಟಿದಳು.

ಶೇವಂತೆವ್ವ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಮೈ ತುಂಬಿಕೊಂಡಿದ್ದಳು, ಕೈತುಂಬ ಹಸಿರು ಬಳೆ. ಬಂದವಳನ್ನು ನೋಡಿ ಎದ್ದು ನಿಂತು, "ಬರ್ರಿ" ಎಂದಳು. ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಚಹಾ ಮಾಡಿದಳು, ಬಿಸಿ ರೊಟ್ಟಿಗೆ ಪುಂಡಿಪಲ್ಲೆ ಹಾಕಿ ಕೊಟ್ಟಳು. ಯಾವುದಕ್ಕೂ ಕೊರತೆ ಮಾಡಲಿಲ್ಲ. ಆ ಮನೆಯ ದೊಡ್ಡ ಹುಡುಗಿ ಬಂದು, ಇವರು ಯಾರು ಎಂದು ಕೇಳಿತು.

"ನಮ್ಮ ತವರ ಊರಿನವರು," ಎಂದಳು ಶೇವಂತೆವ್ವ. "ಕೌದಿ ಹೊಲೀತಾರ."

ರೇವವ್ವ ಕೈಯಲ್ಲಿದ್ದ ತುತ್ತನ್ನು ತಿಂದು ಮುಗಿಸಿದಳು. ಅತ್ತೆ ಹಾಸಿಗೆ ಹಿಡಿದದ್ದನ್ನು, ನೆನೆಸುವುದನ್ನು ಹೇಳಿದಳು. ಶೇವಂತೆವ್ವ ಕೇಳಿಸಿಕೊಂಡಳು. ತಾಂಬಾದ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದುಬರಲು ತನ್ನಿಂದ ಆಗುವುದಿಲ್ಲ, ಅವ್ವನಿಗೆ ತಿಳಿಸಿ ಹೇಳ್ರಿ ಎಂದಳು. ಒಳಗೆ ಹೋಗಿ ಅವ್ವನಿಗೆಂದು ಒಂದು ಪೆಂಟೆ ಬೆಲ್ಲ ಕಟ್ಟಿ ತಂದುಕೊಟ್ಟಳು. ರಾತ್ರಿ ಇದ್ದು ಹೋಗಿ ಎನ್ನಲಿಲ್ಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಆ ಹುಡುಗಿಯನ್ನು ಕಳಿಸಿ ಕೇಳಿಸಿದಳು.

ರೇವವ್ವ ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಕುಳಿತು ಬೆಳಕು ಹರಿಸಿ, ಮರುದಿನ ಊರು ಸೇರಿದಳು. ಹುಚ್ಚವ್ವ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಒಬ್ಬಳೇ ಬಂದದ್ದನ್ನು ಕಂಡು ಗೋಡೆಯ ಕಡೆ ಹೊರಳಿದಳು. ಸ್ವಲ್ಪ ಹೊತ್ತು ಬಿಟ್ಟು, ಮಗಳು ನಿನ್ನ ಜೊತೆ ಮಾತಾಡಿದಳೇ ಎಂದು ಕೇಳಿದಳು.

ಬಹಳ ಮಾತಾಡಿದಳು ಎಂದು ರೇವವ್ವ ಹೇಳಿದಳು. ಬೆಲ್ಲದ ಪೆಂಟೆಯಿಂದ ಒಂದು ಚೂರು ಮುರಿದು ಅತ್ತೆಯ ಬಾಯಿಗಿಟ್ಟು, ಎಮ್ಮೆಗೆ ನೀರು ತೋರಿಸಲು ಹಿತ್ತಲಿಗೆ ಹೋದಳು.